ಕಣ್ಣಿಗೆ ಸುಣ್ಣ, ಖಾರ ಬಿದ್ದರೆ ನಿಂಬೆರಸ, ಹಾಲು ಹಾಕಬಹುದೇ?

ಕಣ್ಣಿಗೆ ಖಾರ ಬಿದ್ದರೆ ಹಾಲು ಬಿಡಿ, ಸುಣ್ಣ ಬಿದ್ದರೆ ನಿಂಬೆರಸ ಹಿಂಡಿ, ಉರಿ ನಿಲ್ಲದಿದ್ದರೆ ಹರಳೆಣ್ಣೆ ಹಾಕಿ ಎಂಬ ಸಲಹೆಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. ಇವು ಯಾವುವೂ ಸರಿಯಲ್ಲ. ಮೊದಲು ಬೇಕಾದದ್ದು ಶುದ್ಧ ನೀರು, ಅದೂ ತಕ್ಷಣ.

ಯಾರು ಎಚ್ಚರ ವಹಿಸಬೇಕು?

ಕುರುಗೋಡಿನಲ್ಲಿ ಒಣಮೆಣಸಿನಕಾಯಿ ಬಿಡಿಸುವವರು, ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ ಕ್ರಿಮಿನಾಶಕ ಹೊಡೆಯುವವರು, ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಬ್ಲೀಚ್ ಬಳಸುವವರು. ಮನೆಯಲ್ಲಾದರೆ, ಎಲೆ ಅಡಿಕೆಯ ಸುಣ್ಣದ ಪೊಟ್ಟಣ ಹಿಚುಕಿ ಆಡುವ ಮಕ್ಕಳು.

ಖಾರ ಬೇರೆ, ಸುಣ್ಣ ಬೇರೆ

ಮೆಣಸಿನಕಾಯಿಯ ಕ್ಯಾಪ್ಸೈಸಿನ್, ಬಿಸಿಯನ್ನು ಗುರುತಿಸುವ ನರಗಳನ್ನು ಕೆರಳಿಸುತ್ತದೆ. ಹಾಗಾಗಿ ಸುಟ್ಟಂತೆ ಅನಿಸುತ್ತದೆಯೇ ಹೊರತು ಸಾಮಾನ್ಯವಾಗಿ ಕಣ್ಣು ಸುಡುವುದಿಲ್ಲ. ಈ ಗುಟ್ಟನ್ನು ಪತ್ತೆ ಹಚ್ಚಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಹುಮಾನ ಬಂತು.

ಸುಣ್ಣ ಹಾಗಲ್ಲ. ಅದು ಪ್ರಬಲ ಕ್ಷಾರ. ಜೀವಕೋಶಗಳ ಕೊಬ್ಬನ್ನು ಕರಗಿಸುತ್ತಾ ಕಣ್ಣಿನ ಆಳಕ್ಕೆ ಇಳಿಯುತ್ತದೆ. ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರ ಬೆಳ್ಳಗಾಗಿ ದೃಷ್ಟಿಯೇ ಹೋಗಬಹುದು. ಆದ್ದರಿಂದ ಉರಿ ಕಡಿಮೆಯಿದ್ದರೆ ಅಪಾಯವೂ ಕಡಿಮೆ ಎಂದು ತಿಳಿಯಬೇಡಿ.

ಏನು ಮಾಡಬೇಕು?

- ಕೈಗೆ ಖಾರ ಅಥವಾ ಔಷಧಿ ಅಂಟಿದ್ದರೆ ಬೇಗ ಸೋಪಿನಿಂದ ತೊಳೆಯಿರಿ. ಕಣ್ಣು ಉಜ್ಜಬೇಡಿ.
- ರೆಪ್ಪೆಗಳನ್ನು ಬೆರಳಿನಿಂದ ಬಿಡಿಸಿ ಹಿಡಿದು, ಕನಿಷ್ಠ 20 ನಿಮಿಷ ನೀರು ಹರಿಸಿ. ಬೇಸಿಗೆಯಲ್ಲಿ ನಲ್ಲಿ ನೀರು ಕಾದಿದ್ದರೆ ಕೊಡದ ನೀರು ಬಳಸಿ. ಹೊಲದಲ್ಲಿದ್ದರೆ ಕುಡಿಯಲು ಒಯ್ದ ನೀರೇ ಸಾಕು.
- ತಲೆಯನ್ನು ಪಕ್ಕಕ್ಕೆ ವಾಲಿಸಿ, ನೀರು ಇನ್ನೊಂದು ಕಣ್ಣಿಗೆ ಹೋಗದಂತೆ ನೋಡಿಕೊಳ್ಳಿ.
- ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಯಿರಿ. ಅದಕ್ಕಾಗಿ ತೊಳೆಯುವುದನ್ನು ತಡ ಮಾಡಬೇಡಿ.
- ಸುಣ್ಣ, ಬ್ಲೀಚ್, ಆ್ಯಸಿಡ್, ಕ್ರಿಮಿನಾಶಕ ಬಿದ್ದಿದ್ದರೆ ತೊಳೆದ ಕೂಡಲೇ ಆಸ್ಪತ್ರೆಗೆ ಹೋಗಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಬಾಟಲಿ ಅಥವಾ ಪೊಟ್ಟಣ ಜೊತೆಗಿರಲಿ. ರೆಪ್ಪೆಯೊಳಗೆ ಉಳಿದ ಸುಣ್ಣದ ಕಣಗಳನ್ನು ವೈದ್ಯರೇ ತೆಗೆಯಬೇಕು.
- ಖಾರ ಬಿದ್ದು, ತೊಳೆದ ಮೇಲೂ ನೋವು ಅಥವಾ ಮಂಜು ಉಳಿದರೆ ವೈದ್ಯರಿಗೆ ತೋರಿಸಿ.

ನಿಂಬೆರಸ ಯಾಕೆ ಬೇಡ?

ಹುಳಿ ಹಾಕಿದರೆ ಸುಣ್ಣದ ಶಕ್ತಿ ಕುಂದುತ್ತದೆ ಎಂಬುದು ಪಾತ್ರೆಯಲ್ಲಿ ನಿಜ. ಕಣ್ಣಿನಲ್ಲಿ ಆ ಕ್ರಿಯೆಯ ಶಾಖವೂ ಹುಳಿಯೂ ಸೇರಿ ಗಾಯ ಹೆಚ್ಚಿಸುತ್ತವೆ. ಹಾಲು, ಎದೆಹಾಲು, ಜೇನುತುಪ್ಪ, ಹರಳೆಣ್ಣೆಯಿಂದ ಸೋಂಕು ತಗಲಬಹುದು. ಅವನ್ನು ಹುಡುಕುವಷ್ಟರಲ್ಲಿ ತೊಳೆಯಬೇಕಾದ ಹೊತ್ತೂ ಕಳೆದಿರುತ್ತದೆ.

ನಾವು ಹೇಳುವುದು ಇಷ್ಟೇ: ಮೊದಲು ನೀರು, ಆಮೇಲೆ ವೈದ್ಯರು. ಫಾರ್ವರ್ಡ್ ಮಾಡುವುದಾದರೆ ಇದನ್ನೇ ಮಾಡಿ.