ಊಟಕ್ಕೂ ಚಂದಾ: ಒಂದು ತಣ್ಣನೆಯ ಪೆಟ್ಟಿಗೆಯ ಚರಿತ್ರೆ

ಪತ್ರಿಕೆಗೆ ಚಂದಾ ಕಟ್ಟುವುದು ನಿಮಗೆ ಗೊತ್ತು. ಊಟಕ್ಕೆ ಚಂದಾ ಕಟ್ಟುವುದನ್ನು ಕೇಳಿದ್ದೀರಾ? ಅಮೆರಿಕ ಮತ್ತು ಯುರೋಪಿನ ಅನೇಕ ಮನೆಗಳಲ್ಲಿ ಇಂದು ಇದು ರೂಢಿಯಲ್ಲಿದೆ. ವಾರಕ್ಕೊಮ್ಮೆ ರಟ್ಟಿನ ಪೆಟ್ಟಿಗೆಯೊಂದು ಬಾಗಿಲಿಗೆ ಬರುತ್ತದೆ. ಅದರಲ್ಲಿರುವುದು ಬೇಯಿಸಿದ ಊಟವಲ್ಲ, ಬೇಯಿಸಬೇಕಾದ ಸಾಮಗ್ರಿ. ಮೂರು ದಿನದ ಅಡುಗೆಗೆ ಎಷ್ಟು ಬೇಕೋ ಅಷ್ಟೇ ತರಕಾರಿ, ಅಷ್ಟೇ ಅಕ್ಕಿ, ಎರಡು ಚಮಚ ಮಸಾಲೆಯ ಪುಟ್ಟ ಪೊಟ್ಟಣ, ಜೊತೆಗೆ ಚಿತ್ರಸಹಿತವಾಗಿ ವಿಧಾನವನ್ನು ಅಚ್ಚುಹಾಕಿದ ಕಾರ್ಡು. ಇದಕ್ಕೆ ‘ಮೀಲ್ ಕಿಟ್’ ಎಂದು ಹೆಸರು.

ಮಗಳ ಬಾಣಂತನಕ್ಕೆಂದು ನಾನೂ ನನ್ನ ಹೆಂಡತಿಯೂ ನ್ಯೂಜೆರ್ಸಿಗೆ ಹೋಗಿದ್ದಾಗ ಈ ಪೆಟ್ಟಿಗೆಯ ಪರಿಚಯ ನನಗಾಯಿತು. ನಮ್ಮದು ಸಸ್ಯಾಹಾರಿ ಮನೆ. ಬಾಣಂತಿಯ ಪಥ್ಯದ ಅಡುಗೆ, ಮಗುವಿನ ಎಣ್ಣೆ-ನೀರು ಎಲ್ಲವೂ ಹೆಂಡತಿಯ ಪಾಲಿಗೆ. ಉಳಿದವರ ರಾತ್ರಿಯ ಅಡುಗೆಯೂ ಅವಳ ಮೇಲೆಯೇ ಬೀಳಬಾರದೆಂದು ಮಗಳು ಆರು ವಾರಗಳ ಮಟ್ಟಿಗೆ ಸಸ್ಯಾಹಾರದ ಪೆಟ್ಟಿಗೆಗೆ ಚಂದಾ ಕಟ್ಟಿದಳು. ಬೇಯಿಸುವ ಹೊಣೆ ಅಳಿಯನದು ಮತ್ತು ನನ್ನದು. ಇಪ್ಪತ್ತೆಂಟು ವರ್ಷ ಉಷ್ಣಶಾಸ್ತ್ರದ ಪಾಠ ಹೇಳಿದ ನಾನು ಅದುವರೆಗೆ ಒಂದು ಸಾರಿಗೂ ಉಪ್ಪು ಹಾಕಿದವನಲ್ಲ!

ಮೊದಲ ಪೆಟ್ಟಿಗೆ ಬಂದಾಗ ವೃತ್ತಿಯ ಅಭ್ಯಾಸದಂತೆ ಒಳಗಿದ್ದುದನ್ನೆಲ್ಲ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಆಹಾರ ಸಾಮಗ್ರಿ ಸುಮಾರು 4 ಕಿಗ್ರಾಂ. ತಳದಲ್ಲಿದ್ದ ಮಂಜಿನ ಚೀಲಗಳು ಎರಡೂ ಸೇರಿ ಸುಮಾರು 4 ಕಿಗ್ರಾಂ. ಅಂದರೆ ನಾವು ತರಿಸಿಕೊಂಡ ಊಟದಷ್ಟೇ ತೂಕದ ಮಂಜುಗಡ್ಡೆಯೂ ನಮ್ಮ ಮನೆಗೆ ಬಂದಿತ್ತು. ಮಂಜಿನ ಚೀಲಕ್ಕೆ ತಗುಲಿಕೊಂಡಿದ್ದ ಬೇಸಿಲ್ ಸೊಪ್ಪು (ನಮ್ಮ ಕಾಮಕಸ್ತೂರಿ) ಕಪ್ಪಾಗಿ ಹೋಗಿತ್ತು. ಬೇಳೆ, ಅಕ್ಕಿ, ತರಕಾರಿಗೆ ಇಷ್ಟೊಂದು ಮಂಜು ಏಕೆ? ಮಂಜು ಕಾಪಾಡಬೇಕಾದ ಸೊಪ್ಪನ್ನು ಮಂಜೇ ಕೆಡಿಸಿದ್ದು ಹೇಗೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ಬೇಕಿದ್ದರೆ ನಾವು ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು.

ಮಂಜಿನ ವ್ಯಾಪಾರ

1761ರ ಸುಮಾರಿಗೆ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿದ್ದ ಜೋಸೆಫ್ ಬ್ಲ್ಯಾಕ್ ಒಂದು ಮುಖ್ಯ ಸಂಗತಿಯನ್ನು ಗುರುತಿಸಿದ. ಮಂಜುಗಡ್ಡೆ ಕರಗುವಾಗ ಉಷ್ಣವನ್ನು ಹೀರಿಕೊಳ್ಳುತ್ತಲೇ ಇರುತ್ತದೆ, ಆದರೆ ಅದರ ತಾಪ ಏರುವುದಿಲ್ಲ. ಇದೇ ಗುಪ್ತೋಷ್ಣ. 1 ಕಿಗ್ರಾಂ ಮಂಜು 0° ಸೆ ತಾಪದಲ್ಲಿ ಕರಗಲು ಸುಮಾರು 334 ಕಿಲೋಜೂಲ್ ಉಷ್ಣ ಬೇಕು. ಅಷ್ಟೇ ಉಷ್ಣದಿಂದ 1 ಕಿಗ್ರಾಂ ನೀರನ್ನು 0° ಸೆಯಿಂದ ಸುಮಾರು 80° ಸೆವರೆಗೆ ಕಾಯಿಸಬಹುದು! ಮಂಜುಗಡ್ಡೆ ಅಷ್ಟು ನಿಧಾನವಾಗಿ ಕರಗುವುದರ ಗುಟ್ಟು ಇದು.

ಈ ಗುಟ್ಟನ್ನು ಹಣವಾಗಿಸಿದವನು ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್. ಚಳಿಗಾಲದಲ್ಲಿ ಕೆರೆಗಳ ಮೇಲೆ ಹೆಪ್ಪುಗಟ್ಟಿದ ಮಂಜನ್ನು ಕೊಯ್ದು 1806ರಲ್ಲಿ ಕೆರಿಬಿಯನ್ ದ್ವೀಪವಾದ ಮಾರ್ಟಿನಿಕ್‌ಗೆ ಹಡಗಿನಲ್ಲಿ ಕಳಿಸಿದ. ಜನ ನಕ್ಕರು. ಆದರೆ 1833ರಲ್ಲಿ ಅವನ ಮಂಜು ಕಲ್ಕತ್ತೆಗೂ ಬಂತು. ಹೊರಟಾಗ ಸುಮಾರು 180 ಟನ್ನು. ನಾಲ್ಕು ತಿಂಗಳು ಸಮುದ್ರದಲ್ಲಿದ್ದು, ಎರಡು ಬಾರಿ ಸಮಭಾಜಕ ವೃತ್ತವನ್ನು ದಾಟಿ ಬಂದ ಮೇಲೂ ಸುಮಾರು 100 ಟನ್ನು ಉಳಿದಿತ್ತು. ಮದರಾಸಿನಲ್ಲಿ ಈ ಮಂಜಿನ ಸಂಗ್ರಹಕ್ಕೆಂದು ಕಟ್ಟಿದ ‘ಐಸ್ ಹೌಸ್’ ಕಡಲತೀರದಲ್ಲಿ ಇಂದಿಗೂ ವಿವೇಕಾನಂದರ ಹೆಸರಿನ ಸ್ಮಾರಕವಾಗಿ ನಿಂತಿದೆ.

ನಾಲ್ಕು ತಿಂಗಳು ಮಂಜು ಹೇಗೆ ಉಳಿಯಿತು? ಒಂದು ಕಾರಣ ಮರದ ಹೊಟ್ಟಿನಂಥ ಉಷ್ಣನಿರೋಧಕಗಳು. ಹೊಟ್ಟಿನ ಕಣಗಳ ನಡುವೆ ಸಿಕ್ಕಿಕೊಂಡ ಗಾಳಿ ಅಲುಗಾಡಲಾರದು. ಅಲುಗಾಡದ ಗಾಳಿ ಉಷ್ಣವನ್ನು ಬಲು ನಿಧಾನವಾಗಿ ಸಾಗಿಸುತ್ತದೆ. ಇನ್ನೊಂದು ಕಾರಣ ಗಾತ್ರ. ಉಷ್ಣ ಒಳಬರುವುದು ಮೇಲ್ಮೈಯ ಮೂಲಕ, ಕರಗಬೇಕಾದುದು ಇಡೀ ಗಾತ್ರ. ರಾಶಿ ದೊಡ್ಡದಾದಷ್ಟೂ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಕಡಿಮೆ. ನಮ್ಮ ಪುಟ್ಟ ಪೆಟ್ಟಿಗೆಗೆ ಈ ಅನುಕೂಲವಿಲ್ಲ. ಲೆಕ್ಕ ಹಾಕಿ ನೋಡೋಣ. ಪೆಟ್ಟಿಗೆ 40 ಸೆಂಮೀ ಉದ್ದ, 30 ಸೆಂಮೀ ಅಗಲ, 30 ಸೆಂಮೀ ಎತ್ತರ. ಒಟ್ಟು ಮೇಲ್ಮೈ 0.66 ಚದರ ಮೀಟರ್. ಒಳಗಿನ ನಾರಿನ ಹೊದಿಕೆಯ ದಪ್ಪ 3 ಸೆಂಮೀ, ಅದರ ಉಷ್ಣವಾಹಕತೆ ಸುಮಾರು 0.04 ಎಂದುಕೊಳ್ಳಿ. ಒಳಗೂ ಹೊರಗೂ 20 ಡಿಗ್ರಿ ವ್ಯತ್ಯಾಸವಿದ್ದರೆ ಸುಮಾರು 18 ವಾಟ್ ಉಷ್ಣ ಒಳಗೆ ಸೋರುತ್ತದೆ. 4 ಕಿಗ್ರಾಂ ಮಂಜು ಹೀರಬಲ್ಲದ್ದು ಸುಮಾರು 1,336 ಕಿಲೋಜೂಲ್. ಅಂದರೆ ಸುಮಾರು 20 ಗಂಟೆ. ಟ್ಯೂಡರನ ಮಂಜಿಗೆ ನಾಲ್ಕು ತಿಂಗಳು, ನಮ್ಮದಕ್ಕೆ ಒಂದು ದಿನವೂ ಪೂರ್ತಿ ಇಲ್ಲ. ಅಷ್ಟರಲ್ಲಿ ಪೆಟ್ಟಿಗೆ ಮನೆ ಸೇರಲೇಬೇಕು.

ಮಾಂಸಕ್ಕಾಗಿ ಹುಟ್ಟಿದ ಸರಪಳಿ

ಆಹಾರವನ್ನು ತಂಪಾಗಿಟ್ಟು ದೂರ ಸಾಗಿಸುವ ವ್ಯವಸ್ಥೆಗೆ ‘ಶೀತಲ ಸರಪಳಿ’ ಎನ್ನುತ್ತೇವೆ. ಅದು ಬೆಳೆದದ್ದು ಮುಖ್ಯವಾಗಿ ಮಾಂಸದ ವ್ಯಾಪಾರಕ್ಕಾಗಿ. 1870ರ ದಶಕದ ಕೊನೆಯಲ್ಲಿ ಷಿಕಾಗೋದ ಗಸ್ಟೇವಸ್ ಸ್ವಿಫ್ಟ್ ಮಂಜು ತುಂಬಿದ ರೈಲುಬಂಡಿಗಳಲ್ಲಿ ಪೂರ್ವದ ನಗರಗಳಿಗೆ ಮಾಂಸ ಕಳಿಸತೊಡಗಿದ. ಅದೇ ದಶಕದಲ್ಲಿ ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಶೈತ್ಯಯಂತ್ರವನ್ನು ಸುಧಾರಿಸಿದ. 1882ರಲ್ಲಿ ‘ಡ್ಯುನೆಡಿನ್’ ಎಂಬ ಹಡಗು ನ್ಯೂಜಿಲೆಂಡಿನಿಂದ ಹೊರಟು 98 ದಿನಗಳ ನಂತರ ಹೆಪ್ಪುಗಟ್ಟಿಸಿದ ಮಾಂಸದೊಂದಿಗೆ ಲಂಡನ್ ತಲುಪಿತು.

ಮಾಂಸದ ವಿಷಯದಲ್ಲಿ ನಿಯಮ ಸರಳ. ತಾಪ ಕಡಿಮೆಯಾದಷ್ಟೂ ಬ್ಯಾಕ್ಟೀರಿಯಗಳ ಬೆಳವಣಿಗೆ ನಿಧಾನ. ಆದ್ದರಿಂದ ಎಷ್ಟು ತಂಪೋ ಅಷ್ಟು ಒಳ್ಳೆಯದು. ಇಂದಿನ ಊಟದ ಪೆಟ್ಟಿಗೆಯಲ್ಲೂ ಸಾಮಾನ್ಯವಾಗಿ ಮಾಂಸ ತಳದಲ್ಲಿ ಮಂಜಿನ ಜೊತೆ ಇರುತ್ತದೆ, ತರಕಾರಿ ಮೇಲಿರುತ್ತದೆ. ನಮ್ಮ ಸಸ್ಯಾಹಾರದ ಪೆಟ್ಟಿಗೆಯ ಜೋಡಣೆಯೂ ಅದೇ. ಮಾಂಸದ ಜಾಗದಲ್ಲಿ ಒಂದು ಮೊಸರಿನ ಡಬ್ಬಿ, ಸ್ವಲ್ಪ ಚೀಸ್. ಅಷ್ಟೇ ವ್ಯತ್ಯಾಸ.

ಉಸಿರಾಡುವ ತರಕಾರಿ

ಆದರೆ ತರಕಾರಿ ಮಾಂಸದಂತಲ್ಲ. ಕೊಯ್ದ ಮೇಲೂ ಅದು ಜೀವಂತವಾಗಿರುತ್ತದೆ. ಆಕ್ಸಿಜನ್ ಹೀರಿ, ಸಕ್ಕರೆಯನ್ನು ಉರಿಸಿ, ಕಾರ್ಬನ್ ಡೈಆಕ್ಸೈಡನ್ನೂ ಉಷ್ಣವನ್ನೂ ಹೊರಬಿಡುತ್ತದೆ. ತಾಪ 10 ಡಿಗ್ರಿ ಏರಿದರೆ ಈ ಉಸಿರಾಟ ಸುಮಾರು ಎರಡು ಮೂರು ಪಟ್ಟು ಚುರುಕಾಗುತ್ತದೆ. 1920ರ ದಶಕದಲ್ಲಿ ಕೇಂಬ್ರಿಜ್‌ನ ಫ್ರಾಂಕ್ಲಿನ್ ಕಿಡ್ ಮತ್ತು ಸಿರಿಲ್ ವೆಸ್ಟ್ ಸೇಬಿನ ಉಸಿರಾಟವನ್ನು ಅಳೆದು, ಸುತ್ತಲಿನ ಗಾಳಿಯಲ್ಲಿ ಆಕ್ಸಿಜನ್ ತಗ್ಗಿಸಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಿಸಿದರೆ ಹಣ್ಣು ಬಹುಕಾಲ ಬಾಳುತ್ತದೆಂದು ತೋರಿಸಿದರು. ಇದಕ್ಕೂ ಮುಂಚೆ, 1901ರಲ್ಲಿ, ರಷ್ಯದ ದಿಮಿತ್ರಿ ನೆಲ್ಯುಬೋವ್ ಬಟಾಣಿ ಮೊಳಕೆಗಳ ಮೇಲೆ ಎಥಿಲೀನ್ ಅನಿಲದ ಪ್ರಭಾವವನ್ನು ಗುರುತಿಸಿದ್ದ. ಮಾಗುವ ಟೊಮೇಟೊ ಈ ಅನಿಲವನ್ನು ಬಿಡುತ್ತದೆ. ಪಕ್ಕದಲ್ಲಿ ಕೊತ್ತಂಬರಿ ಸೊಪ್ಪಿಟ್ಟರೆ ಅದು ಬೇಗ ಹಳದಿಯಾಗುತ್ತದೆ.

ಹಾಗಾದರೆ ತರಕಾರಿಗೂ ತಂಪೇ ಒಳ್ಳೆಯದಲ್ಲವೇ? ಎಲ್ಲಕ್ಕೂ ಅಲ್ಲ. ಪಾಲಕ್, ಕ್ಯಾರೆಟ್, ಎಲೆಕೋಸು 0° ಸೆ ಸಮೀಪದಲ್ಲಿ ಚೆನ್ನಾಗಿರುತ್ತವೆ. ಬಿಸಿಲುನಾಡಿನ ಮೂಲದ ಬದನೆ, ಬೆಂಡೆ, ಸೌತೆ, ಕಾಮಕಸ್ತೂರಿಗಳಿಗೆ ಸುಮಾರು 10° ಸೆಗಿಂತ ಕೆಳಗಿನ ತಾಪ ಹಿಡಿಸುವುದಿಲ್ಲ. ಅವುಗಳ ಜೀವಕೋಶದ ಪೊರೆ ಚಳಿಗೆ ಸೆಟೆದುಕೊಂಡು ಸೋರತೊಡಗುತ್ತದೆ. ಎಲೆ ಕಪ್ಪಾಗುತ್ತದೆ. ನಮ್ಮ ಸೊಪ್ಪಿಗೆ ಆದದ್ದು ಇದೇ. ಇನ್ನು ಬೇಳೆ, ಅಕ್ಕಿ, ಮಸಾಲೆಗಳಿಗೆ ತಂಪಿನ ಹಂಗೇ ಇಲ್ಲ. ಅಂದರೆ ಸಸ್ಯಾಹಾರದ ಪೆಟ್ಟಿಗೆಯಲ್ಲಿ ಮೂರು ಬಗೆಯ ಪದಾರ್ಥಗಳಿವೆ: ತಂಪು ಬೇಕಾದವು, ತಂಪಿಗೆ ಅಂಜುವವು, ತಂಪಿಗೂ ಸೆಕೆಗೂ ಜಗ್ಗದವು. ಮಾಂಸಕ್ಕಾಗಿ ರೂಪುಗೊಂಡ ಒಂದೇ ತಾಪದ ಪೆಟ್ಟಿಗೆ ಈ ಮೂರಕ್ಕೂ ಒಗ್ಗುವುದು ಕಷ್ಟ.

ಮನೆಬಾಗಿಲಿಗೆ

ಈ ಪೆಟ್ಟಿಗೆಗೆ ಚಂದಾ ಎಂಬ ವ್ಯವಸ್ಥೆ ಸೇರಿದ್ದು 2007ರಲ್ಲಿ, ಸ್ವೀಡನ್ನಿನಲ್ಲಿ. ಕಿಕಿ ಥಿಯಾಂಡರ್ ಎಂಬ ಮಹಿಳೆ ಆರಂಭಿಸಿದ ಆ ಸಂಸ್ಥೆಯ ಹೆಸರು ‘ಮಿಡ್ಡಾಗ್ಸ್‌ಫ್ರಿಡ್’. ಊಟದ ಹೊತ್ತಿನ ನೆಮ್ಮದಿ ಎಂದು ಅದರ ಅರ್ಥ. 2011ರಲ್ಲಿ ಬರ್ಲಿನ್ನಿನಲ್ಲಿ ಹೆಲೋಫ್ರೆಶ್, 2012ರಲ್ಲಿ ನ್ಯೂಯಾರ್ಕಿನಲ್ಲಿ ಬ್ಲೂ ಏಪ್ರನ್, 2014ರಲ್ಲಿ ಸಸ್ಯಮೂಲದ ಆಹಾರಕ್ಕೇ ಮೀಸಲಾದ ಪರ್ಪಲ್ ಕ್ಯಾರಟ್ ಬಂದವು. 2020ರ ಕೋವಿಡ್ ಕಾಲದಲ್ಲಿ ಬೇಡಿಕೆ ಏರಿತು, ಆಮೇಲೆ ಇಳಿಯಿತು. ಬ್ಲೂ ಏಪ್ರನ್ 2023ರಲ್ಲಿ ಇನ್ನೊಂದು ಕಂಪನಿಯ ಪಾಲಾಯಿತು.

ನಮಗೆ ಇನ್ನೊಂದು ತೊಡಕು ಎದುರಾಯಿತು. ಮೂರನೆಯ ವಾರದ ಚೀಸ್ ಪೊಟ್ಟಣದ ಮೇಲೆ ಪದಾರ್ಥಗಳ ಪಟ್ಟಿಯಲ್ಲಿ ‘ಕಿಣ್ವ’ ಎಂದಷ್ಟೇ ಇತ್ತು. ಹಾಲನ್ನು ಒಡೆಯುವ ಈ ಕಿಣ್ವವನ್ನು ಬಹುಕಾಲ ಕರುವಿನ ಜಠರದಿಂದ ಪಡೆಯುತ್ತಿದ್ದರು. ಇಟಲಿಯ ಸಾಂಪ್ರದಾಯಿಕ ಪಾರ್ಮೆಸಾನ್ ಚೀಸಿಗೆ ಈಗಲೂ ಅದನ್ನೇ ಬಳಸುತ್ತಾರೆ. 1990ರಲ್ಲಿ ಅಮೆರಿಕ ಸರ್ಕಾರ ಸೂಕ್ಷ್ಮಜೀವಿಗಳಿಂದ ತಯಾರಿಸಿದ ಅದೇ ಕಿಣ್ವಕ್ಕೆ ಒಪ್ಪಿಗೆ ನೀಡಿತು. ಅಲ್ಲಿನ ಬಹುಪಾಲು ಚೀಸಿಗೆ ಈಗ ಅದೇ ಬಳಕೆ. ಆದರೆ ನಮ್ಮ ಪೊಟ್ಟಣದಲ್ಲಿದ್ದುದು ಯಾವುದು? ಪಟ್ಟಿ ಹೇಳುವುದಿಲ್ಲ. ಭಾರತದಲ್ಲಿ ಸಸ್ಯಾಹಾರದ ಪೊಟ್ಟಣಗಳ ಮೇಲೆ ಹಸಿರು ಚುಕ್ಕೆ ಕಡ್ಡಾಯವಾಗಿದೆ. ಅಂಥ ಕಡ್ಡಾಯ ಗುರುತು ಅಮೆರಿಕದಲ್ಲಿಲ್ಲ. ಹೆಂಡತಿ ಪೊಟ್ಟಣವನ್ನು ಬದಿಗಿಟ್ಟಳು. ಆ ಪುಟ್ಟ ಚುಕ್ಕೆಯ ಬೆಲೆ ನನಗೆ ತಿಳಿದದ್ದು ಅದಿಲ್ಲದ ಊರಿನಲ್ಲಿ.

ನಮ್ಮ ನಾಡಿನ ದಾರಿ

ದುಡಿಯುವ ಮನೆಗಳಿಗೆ ಅಡುಗೆಯನ್ನು ಹಗುರಗೊಳಿಸುವ ಪ್ರಯತ್ನ ನಮ್ಮಲ್ಲೂ ನಡೆದಿದೆ, ಬೇರೆ ದಾರಿಯಲ್ಲಿ. ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾಗಿ ಮುಂದೆ ಎಂಟಿಆರ್ ಎಂದು ಹೆಸರಾದ ಉಪಾಹಾರ ಗೃಹ ಎರಡನೆಯ ಮಹಾಯುದ್ಧದ ಅಕ್ಕಿಯ ಅಭಾವದಲ್ಲಿ ರವೆ ಇಡ್ಲಿಯನ್ನು ರೂಪಿಸಿದ್ದಾಗಿ ಹೇಳಿಕೊಳ್ಳುತ್ತದೆ. 1975ರ ತುರ್ತುಪರಿಸ್ಥಿತಿಯ ಕಾಲದ ಬೆಲೆ ನಿಯಂತ್ರಣದಿಂದ ಹೋಟೆಲು ಮುಚ್ಚಿದಾಗ ಅವರು ಸಿದ್ಧ ಮಿಶ್ರಣಗಳ ಪೊಟ್ಟಣದತ್ತ ತಿರುಗಿದರು. ಮೈಸೂರಿನಲ್ಲಿ 1961ರಲ್ಲಿ ಸ್ಥಾಪನೆಯಾದ ರಕ್ಷಣಾ ಆಹಾರ ಸಂಶೋಧನಾಲಯವು ಯೋಧರಿಗಾಗಿ, ಮೊಹರು ಮಾಡಿ ಹೆಚ್ಚಿನ ಒತ್ತಡದಲ್ಲಿ ಸುಮಾರು 121° ಸೆವರೆಗೆ ಕಾಯಿಸಿದ ಸಿದ್ಧ ಆಹಾರದ ಪೊಟ್ಟಣಗಳನ್ನು ಬೆಳೆಸಿತು. ಎರಡಕ್ಕೂ ಮಂಜು ಬೇಡ. 1950ರ ದಶಕದಲ್ಲಿ ಆಸ್ಟ್ರೇಲಿಯದ ಡಬ್ಲ್ಯು. ಜೆ. ಸ್ಕಾಟ್ ತೋರಿಸಿದಂತೆ, ಆಹಾರದಲ್ಲಿ ಎಷ್ಟು ನೀರಿದೆ ಎಂಬುದಕ್ಕಿಂತ ಅದರಲ್ಲಿ ಸೂಕ್ಷ್ಮಜೀವಿಗೆ ದಕ್ಕುವ ನೀರು ಎಷ್ಟು ಎಂಬುದು ಮುಖ್ಯ. ಒಣ ಮಿಶ್ರಣದಲ್ಲಿ ಅದು ದಕ್ಕುವುದಿಲ್ಲ.

ಹಾಗೆಂದು ಆ ಪೆಟ್ಟಿಗೆಯನ್ನು ನಾನು ಹಳಿಯುವುದಿಲ್ಲ. ಆರು ವಾರ ರಾತ್ರಿಯ ಅಡುಗೆಯನ್ನು ನಾವಿಬ್ಬರು ಗಂಡಸರು ಮಾಡಿದೆವು. ಅದನ್ನು ಸಾಧ್ಯವಾಗಿಸಿದ್ದು ಮಂಜಲ್ಲ, ಕಾರ್ಡು. ಅದಕ್ಕೂ ಚರಿತ್ರೆಯಿದೆ. 1896ರಲ್ಲಿ, ಟ್ಯೂಡರನ ಊರಾದ ಬಾಸ್ಟನ್ನಿನಲ್ಲೇ, ಫ್ಯಾನಿ ಫಾರ್ಮರ್ ಎಂಬ ಶಿಕ್ಷಕಿ ತನ್ನ ಅಡುಗೆ ಪುಸ್ತಕದಲ್ಲಿ ‘ಒಂದು ಚಿಟಿಕೆ’, ‘ಸಾಕಷ್ಟು’ ಎಂಬ ಮಾತುಗಳ ಬದಲು ಅಂಚಿಗೆ ಸಮಮಾಡಿದ ಬಟ್ಟಲು, ಚಮಚಗಳ ಅಳತೆಯನ್ನು ಬಳಕೆಗೆ ತಂದಳು. ಗೊತ್ತಿಲ್ಲದವರೂ ಮಾಡಬಹುದಾದ ಅಡುಗೆ ಅಲ್ಲಿಂದ ಬೆಳೆಯಿತು.

ಕೊನೆಯ ವಾರ ಮಗಳು ಒಂದು ಮಾತು ಕೇಳಿದಳು: “ಅಮ್ಮಾ, ನೀನು ಊರಿಗೆ ಹೋದ ಮೇಲೆ ನಾನು ಹುಳಿ ಮಾಡೋದು ಹೇಗೆ?” ಹೆಂಡತಿ, “ಒಂದು ಹಿಡಿ ಬೇಳೆ ಹಾಕು, ಅಷ್ಟೇ” ಎಂದಳು. ಮಗಳ ಹಿಡಿ ಅವಳ ಹಿಡಿಯಲ್ಲ! ನಾನು ತಕ್ಕಡಿ ತಂದೆ. ಮೂರು ಸಲ ಹಿಡಿ ತುಂಬಿ ಹಾಕಲು ಹೇಳಿದೆ: 46, 48, 47 ಗ್ರಾಂ. ನನ್ನ ಪ್ರಯೋಗಾಲಯದ ವಿದ್ಯಾರ್ಥಿಗಳ ಅಳತೆಗಳು ಇಷ್ಟು ಹತ್ತಿರ ಬಂದದ್ದು ಅಪರೂಪ. ಕಣ್ಣಳತೆ, ಕೈಯಳತೆ ಎಂದರೆ ಅಂದಾಜಲ್ಲ, ಬರೆದಿಡದ ಅಳತೆ. ಹಾಗೆ ಒಂದೊಂದನ್ನೂ ತೂಗಿ ಹದಿನಾಲ್ಕು ಕಾರ್ಡು ಬರೆದೆವು. ಬೇಳೆ, ಪುಡಿ, ಒಗ್ಗರಣೆಯ ಸಾಮಾನನ್ನು ಒಂದೊಂದು ಪೊಟ್ಟಣ ಕಟ್ಟಿ ಡಬ್ಬಿಯಲ್ಲಿಟ್ಟೆವು. ತರಕಾರಿ ಪಕ್ಕದ ಅಂಗಡಿಯಲ್ಲಿ ಸಿಗುತ್ತದೆ. ಮಂಜು ಬೇಕಾಗಲಿಲ್ಲ.

ನೀವೂ ಇದನ್ನು ಶಾಲೆಯಲ್ಲಿ ಮಾಡಿ ನೋಡಬಹುದು. ಒಂದೇ ತೂಕದ ಮೂರು ಮಂಜುಗಡ್ಡೆ ತೆಗೆದುಕೊಳ್ಳಿ. ಒಂದನ್ನು ತೆರೆದಿಡಿ, ಒಂದನ್ನು ಚೂರು ಮಾಡಿಡಿ, ಒಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬತ್ತದ ಹೊಟ್ಟಿನಲ್ಲಿ ಹೂತಿಡಿ. ಅರ್ಧ ಗಂಟೆಗೊಮ್ಮೆ ಕರಗಿದ ನೀರನ್ನು ಚೆಲ್ಲಿ ಉಳಿದ ಮಂಜನ್ನು ತೂಗಿ ನಕ್ಷೆ ಬರೆಯಿರಿ. ಆಮೇಲೆ ಮನೆಗೆ ಹೋಗಿ ತಾಯಿಯ ಒಂದು ಹಿಡಿ ಬೇಳೆಯನ್ನೂ ತೂಗಿ. ಎರಡನೆಯ ಪ್ರಯೋಗವನ್ನು ಮುಂದೂಡಬೇಡಿ.