ಸ್ಪ್ರಿಂಟ್ ಬ್ಯಾಕ್‌ಲಾಗ್ ಯಾರದು?

ಘಾಜಿಯಾಬಾದ್‌ನ ಇಂದಿರಾಪುರಂನಿಂದ ಮಾತಾಡ್ತಾ ಇದ್ದೀನಿ. ವಿಡಿಯೋದಲ್ಲಿ ಹೇಳಿದ್ದನ್ನೇ ಸ್ವಲ್ಪ ತಿದ್ದಿ ಇಲ್ಲಿ ಬರೆದಿದ್ದೀನಿ, ಮೆಟ್ರೋದಲ್ಲಿ ಕೂತು ಓದೋರಿಗೆ ಅನುಕೂಲ ಆಗಲಿ ಅಂತ.

ಇವತ್ತಿನ ವಿಷಯ ಸ್ಪ್ರಿಂಟ್ ಬ್ಯಾಕ್‌ಲಾಗ್. ಇದಕ್ಕೂ ಒಂದು ಚರಿತ್ರೆನಾ ಅಂತ ನಗಬೇಡಿ. ಆ ಚರಿತ್ರೆ ಗೊತ್ತಿಲ್ಲದೆ ನಾನು ಒಂದು ತಪ್ಪು ಮಾಡಿದೆ. ಅದರ ಬೆಲೆ ಕಟ್ಟಿದ್ದು ಬೇರೆಯವನು.

ಕೆಲವು ವರ್ಷದ ಹಿಂದಿನ ಮಾತು. ನಮ್ಮ ಮನೆಯಿಂದ ಹೈವೇ ದಾಟಿದರೆ ನೋಯ್ಡಾ ಸೆಕ್ಟರ್ 62. ಅಲ್ಲಿ ಒಂದು ಆಫೀಸಿನಲ್ಲಿ ನಾನು ಸ್ಕ್ರಮ್ ಮಾಸ್ಟರ್. ತಂಡದಲ್ಲಿ ಹಾವೇರಿ ಕಡೆಯ ಒಬ್ಬ ಹುಡುಗ ಇದ್ದ. ನಾವಿಬ್ಬರೇ ಕನ್ನಡದವರು. ಸತತ ಮೂರು ಸ್ಪ್ರಿಂಟ್ ಮುಚ್ಚಿದಾಗಲೂ ಅವನ ಟಿಕೆಟ್‌ಗಳು ರಿಪೋರ್ಟಿನಲ್ಲಿ "ಮುಗಿದಿಲ್ಲ" ಅನ್ನೋ ಪಟ್ಟಿಗೇ ಬಿದ್ದವು. ಕೆಳಗೆ ಚಹಾ ಕುಡಿಯುವಾಗ ಅವನು ಹೇಳಿದ: "ಸರ್, ಕೆಲಸಾ ಮುಗಿಸೀನ್ರೀ. ರಿಪೋರ್ಟ್‌ನ್ಯಾಗ ಯಾಕ ಹಂಗ ತೋರಸ್ತೈತೋ ಗೊತ್ತಾಗವಲ್ದ್ರೀ." ನೋಡೋಣ ಅಂದೆ. ನೋಡಲಿಲ್ಲ. ಅಪ್ರೈಸಲ್‌ನಲ್ಲಿ ಅದೇ ರಿಪೋರ್ಟ್ ಮೇಜಿನ ಮೇಲೆ ಬಂತು. ನಾನು ಎದುರಿಗೇ ಕೂತಿದ್ದೆ. ಏನೂ ಹೇಳಲಿಲ್ಲ.

ಈಗ ಚರಿತ್ರೆಗೆ ಬರೋಣ. ಬ್ಯಾಕ್‌ಲಾಗ್ ಅಂದ ಕೂಡಲೇ ನಮ್ಮ ಇಂಜಿನಿಯರಿಂಗ್ ಹುಡುಗರಿಗೆ ನೆನಪಾಗೋದು ಫೇಲಾದ ಪೇಪರ್. ಆದರೆ ಇಂಗ್ಲಿಷ್‌ನಲ್ಲಿ ಈ ಪದಕ್ಕೆ ಮೊದಲಿದ್ದ ಅರ್ಥ ಬೇರೆ. ಒಲೆಯ ಹಿಂಬದಿಗೆ ಇಡುವ ದಪ್ಪ ಕೊರಡು ಅಂತ. ಊರಿನ ಬಚ್ಚಲೊಲೆಯಲ್ಲಿ ಬೆಳಗಿನ ತನಕ ಕೆಂಡ ಉಳೀಲಿ ಅಂತ ಒಳಕ್ಕೆ ತಳ್ಳುವ ಕೊರಡಿನ ಹಾಗೆ. ಮುಂದಕ್ಕೆ ಕೂಡಿಟ್ಟದ್ದು ಅನ್ನೋ ಅರ್ಥ ಆಮೇಲೆ ಬಂತು. ಮಾಡದೆ ಉಳಿದ ಬಾಕಿ ಅನ್ನೋ ಅರ್ಥ 20ನೇ ಶತಮಾನದ್ದು. ಕೂಡಿಟ್ಟದ್ದೋ, ಬಾಕಿಯೋ? ನಮ್ಮ ಆಫೀಸುಗಳ ಜಗಳ ಇವತ್ತಿಗೂ ಇದೇ.

1986ರಲ್ಲಿ ಹಿರೊಟಾಕ ತಾಕೆಯುಚಿ ಮತ್ತು ಇಕುಜಿರೊ ನೊನಾಕ ಎಂಬ ಇಬ್ಬರು ಜಪಾನಿ ಪ್ರಾಧ್ಯಾಪಕರು ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಒಂದು ಲೇಖನ ಬರೆದರು. ಹೋಂಡಾ, ಕ್ಯಾನನ್‌ನಂಥ ಕಂಪನಿಗಳಲ್ಲಿ ಹೊಸ ಸರಕು ತಯಾರಿಸುವ ತಂಡಗಳು ರಗ್ಬಿ ಆಟಗಾರರ ಹಾಗೆ ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತಾ ಒಟ್ಟಿಗೆ ಮುಂದೆ ಹೋಗುತ್ತವೆ ಅಂದರು. ಆ ರಗ್ಬಿ ಹೋಲಿಕೆಯಿಂದಲೇ ಸ್ಕ್ರಮ್ ಅನ್ನೋ ಹೆಸರು. 1993ರಲ್ಲಿ ಅಮೆರಿಕದ ಈಸಲ್ ಕಂಪನಿಯಲ್ಲಿ ಜೆಫ್ ಸದರ್‌ಲ್ಯಾಂಡ್ ಇದನ್ನು ಸಾಫ್ಟ್‌ವೇರ್‌ಗೆ ತಂದರು. 1995ರ ಊಪ್ಸ್ಲಾ ಸಮ್ಮೇಳನದಲ್ಲಿ ಅವರೂ ಕೆನ್ ಶ್ವೇಬರ್ ಅವರೂ ಸೇರಿ ಲೋಕದ ಮುಂದಿಟ್ಟರು. 2001ರ ಫೆಬ್ರವರಿಯಲ್ಲಿ ಯೂಟಾದ ಸ್ನೋಬರ್ಡ್‌ನಲ್ಲಿ 17 ಜನ ಸೇರಿ ಅಜೈಲ್ ಪ್ರಣಾಳಿಕೆ ಬರೆದಾಗ ಇವರಿಬ್ಬರೂ ಅಲ್ಲಿದ್ದರು.

ಆಗ ಸ್ಪ್ರಿಂಟ್ ಅಂದರೆ 30 ದಿನ. ಸ್ಪ್ರಿಂಟ್ ಬ್ಯಾಕ್‌ಲಾಗ್ ಅಂದರೆ ತಂಡ ತನಗೋಸ್ಕರ ಬರೆದುಕೊಂಡ ಪಟ್ಟಿ. ತಂಡದವರ ಹೊರತು ಬೇರೆ ಯಾರೂ ಅದನ್ನು ಮುಟ್ಟುವ ಹಾಗಿರಲಿಲ್ಲ.

ಟೂಲ್‌ನ ಕಥೆ ಬೇರೆ ದಾರಿಯಲ್ಲಿ ಬಂತು. 2002ರಲ್ಲಿ ಸಿಡ್ನಿಯ ಅಟ್ಲಾಸಿಯನ್ ಕಂಪನಿ ಜಿರಾ ಬಿಡುಗಡೆ ಮಾಡಿತು. ಅವರು ಅದಕ್ಕೂ ಮುಂಚೆ ಬಳಸುತ್ತಿದ್ದದ್ದು ಬಗ್‌ಜಿಲ್ಲಾ. ಗಾಡ್‌ಜಿಲ್ಲಾಗೆ ಜಪಾನಿಯಲ್ಲಿ ಗೊಜಿರಾ ಅಂತಾರೆ, ಅದನ್ನು ಮೊಟಕು ಮಾಡಿ ಜಿರಾ ಅಂದರು. ಹುಟ್ಟಿದ್ದು ಬಗ್‌ಗಳ ಲೆಕ್ಕ ಇಡೋದಕ್ಕೆ. ಅದರಲ್ಲಿ ಸ್ಪ್ರಿಂಟ್ ಇರಲಿಲ್ಲ. ಗ್ರೀನ್‌ಹಾಪರ್ ಅನ್ನೋ ಹೊರಗಿನ ಪ್ಲಗ್-ಇನ್ ಮೂಲಕ ಅಜೈಲ್ ಬೋರ್ಡ್ ಬಂತು. 2009ರಲ್ಲಿ ಅಟ್ಲಾಸಿಯನ್ ಅದನ್ನು ಕೊಂಡಿತು. 2013ರಲ್ಲಿ ಅದರ ಹೆಸರು ಜಿರಾ ಅಜೈಲ್ ಆಯಿತು, 2015ರಲ್ಲಿ ಜಿರಾ ಸಾಫ್ಟ್‌ವೇರ್‌ನೊಳಗೆ ಸೇರಿತು.

ಅಂದರೆ ಏನಾಯ್ತು? ಬಗ್‌ಗಳ ಖಾತೆ ಪುಸ್ತಕದ ಮೇಲೆ ತಂಡದ ಪಟ್ಟಿಯನ್ನು ಕಸಿ ಕಟ್ಟಿದರು. ಇವತ್ತು ನಮಗೆ ಬರುವ ಎಷ್ಟೋ ತೊಂದರೆ ಆ ಕಸಿಯ ಗಂಟಿನಲ್ಲೇ ಇದೆ. ಜಿರಾದ ಬೋರ್ಡ್ ಟಿಕೆಟ್ ತುಂಬಿಡುವ ಪೆಟ್ಟಿಗೆ ಅಂತ ನಾವು ಅಂದ್ಕೋತೀವಿ. ಅದೊಂದು ಕಿಟಕಿ ಅಷ್ಟೇ. ಟಿಕೆಟ್ ಖಾತೆಯಲ್ಲಿರುತ್ತೆ. ಕಿಟಕಿಯಲ್ಲಿ ಏನು ಕಾಣಬೇಕು ಅಂತ ನಿರ್ಧರಿಸೋದು ಒಂದು ಫಿಲ್ಟರ್ ಮತ್ತು ಕಾಲಂಗಳ ಹೊಂದಾಣಿಕೆ.

ಹಾಗಾಗಿ ಏನಾದರೂ ಕೆಟ್ಟರೆ ಹುಡುಕೋ ಕ್ರಮ ಹೀಗಿರಲಿ. ಟಿಕೆಟ್ ಕಾಣ್ತಾ ಇಲ್ವಾ? ಮೊದಲು ಬೋರ್ಡಿನ ಫಿಲ್ಟರ್‌ಗೆ ಅದು ಸಿಗುತ್ತಾ ನೋಡಿ. ಸಿಕ್ಕರೂ ಕಾಣದಿದ್ದರೆ ಅದರ ಸ್ಟೇಟಸ್ ಯಾವ ಕಾಲಂಗೂ ಸೇರಿಲ್ಲವೇನೋ ನೋಡಿ. ಮೇಲೆ ಕೆಳಗೆ ಎಳೆದರೂ ಜಾಗ ಬದಲಾಗ್ತಿಲ್ವಾ? ಫಿಲ್ಟರ್‌ನಲ್ಲಿ ರ‍್ಯಾಂಕ್ ಪ್ರಕಾರ ಜೋಡಿಸು ಅನ್ನೋ ಸಾಲು ಬಿಟ್ಟುಹೋಗಿರುತ್ತೆ. ಮುಗಿಸಿದ ಕೆಲಸ ಮತ್ತೆ ಬ್ಯಾಕ್‌ಲಾಗ್‌ಗೆ ವಾಪಸ್ ಬರ್ತಾ ಇದೆಯಾ? ಕೊನೆಯ ಕಾಲಂ ನೋಡಿ. ಸ್ಪ್ರಿಂಟ್ ಮುಚ್ಚುವಾಗ ಎಲ್ಲಕ್ಕಿಂತ ಬಲಗಡೆಯ ಕಾಲಂನಲ್ಲಿ ಇದ್ದದ್ದು ಮಾತ್ರ ಮುಗಿದ ಹಾಗೆ. ಅದರ ಪಕ್ಕದ ಕಾಲಂನಲ್ಲಿದ್ದರೂ ಬಾಕಿಯೇ.

ಹಾವೇರಿ ಹುಡುಗನಿಗೆ ಆಗಿದ್ದು ಇದೇ. ನಮ್ಮ ಬೋರ್ಡಿನ ಕೊನೆಗೆ "ರಿಲೀಸ್ ಆಯ್ತು" ಅಂತ ಒಂದು ಹೊಸ ಕಾಲಂ ಸೇರಿತ್ತು. ಅವನ ಮಾಡ್ಯೂಲ್ ರಿಲೀಸ್ ಮಾಡೋದು ಬೇರೆ ತಂಡ, ಅದೂ ಸ್ಪ್ರಿಂಟ್ ಮುಗಿದ ಮೇಲೆ. ಉಳಿದವರದ್ದು ದಿನಾ ರಿಲೀಸ್ ಆಗ್ತಿತ್ತು, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಆ ಕಾಲಂ ಸೇರಿಸಿದ್ದು ನಾನೇ. ಮ್ಯಾನೇಜ್‌ಮೆಂಟ್‌ಗೆ ರಿಲೀಸ್ ಲೆಕ್ಕ ಬೇಕು ಅಂದಿದ್ರು, ಐದು ನಿಮಿಷದ ಕೆಲಸ ಅಂತ ಮಾಡಿದ್ದೆ. ತಂಡವನ್ನು ಕೇಳಿರಲಿಲ್ಲ.

ಚರಿತ್ರೆಯಲ್ಲಿ ಇನ್ನೊಂದು ವಿಷಯ ಇದೆ, ಅದು ಗೊತ್ತಿದ್ದಿದ್ದರೆ ಅಪ್ರೈಸಲ್ ದಿನ ನಾನು ಬಾಯಿ ಬಿಡ್ತಿದ್ದೆ. 2011ರಲ್ಲಿ ಸ್ಕ್ರಮ್ ಗೈಡ್ ತಿದ್ದಿದಾಗ, ಸ್ಪ್ರಿಂಟ್‌ಗೆ ತಗೊಂಡ ಕೆಲಸಕ್ಕೆ "ಮಾತು ಕೊಟ್ಟದ್ದು" ಅನ್ನೋ ಅರ್ಥದ ಪದ ತೆಗೆದು "ಅಂದಾಜು" ಅನ್ನೋ ಅರ್ಥದ ಪದ ಹಾಕಿದರು. 2020ರ ಗೈಡ್ ಇನ್ನೂ ಸ್ಪಷ್ಟ: ಸ್ಪ್ರಿಂಟ್ ಬ್ಯಾಕ್‌ಲಾಗ್ ಡೆವಲಪರ್‌ಗಳೇ ತಮಗಾಗಿ ಮಾಡಿಕೊಳ್ಳುವ ಯೋಜನೆ. ಅಪ್ರೈಸಲ್ ಮೇಜಿಗೆ ತರೋ ಮಾರ್ಕ್ಸ್ ಕಾರ್ಡ್ ಅಲ್ಲ.

ನಾನು ಸೆಟ್ಟಿಂಗ್ ತೆರೆದು ನೋಡಿದ್ದು ಅವನು ಕೆಲಸ ಬಿಟ್ಟು ಬೆಂಗಳೂರಿಗೆ ಹೋದ ಮೇಲೆ. ಬೇರೆ ಒಬ್ಬರ ಟಿಕೆಟ್ ಹಾಗೇ ವಾಪಸ್ ಬಂದಾಗ. ಕಾಲಂ ಸರಿ ಮಾಡೋಕೆ ನಿಜಕ್ಕೂ ಐದೇ ನಿಮಿಷ ಹಿಡೀತು. ಮ್ಯಾನೇಜರ್‌ಗೆ ಮೇಲ್ ಹಾಕಿ ಆ ಮೂರು ಸ್ಪ್ರಿಂಟ್‌ಗಳ ಲೆಕ್ಕ ತಪ್ಪು ಅಂತ ಬರೆದೆ. ರೇಟಿಂಗ್ ಬದಲಾಗಲಿಲ್ಲ. ಅವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಆತ್ ಬಿಡ್ರೀ ಸರ್" ಅಂದ. ಕ್ಷಮಿಸಿದನೋ, ಮಾತು ಮುಗಿಸಿದನೋ, ಇವತ್ತಿಗೂ ತಿಳಿದಿಲ್ಲ.

ನಿಮ್ಮಲ್ಲಿ ಬೋರ್ಡ್ ಅಡ್ಮಿನ್ ಆಗಿರೋರು ಎಷ್ಟೋ ಜನ ಇದ್ದೀರಿ. ಈ ಸ್ಪ್ರಿಂಟ್ ಮುಚ್ಚುವ ಮುಂಚೆ ಒಂದು ಸಲ ಕೊನೆಯ ಕಾಲಂ ತೆರೆದು ನೋಡಿ. ಯಾರಾದರೂ "ನಾನು ಮುಗಿಸಿದ್ದೆ" ಅಂದರೆ, ರಿಪೋರ್ಟ್ ನೋಡೋಕೆ ಮುಂಚೆ ಅವರ ಪಕ್ಕ ಕೂತು ಕೇಳಿ. ಮುಂದಿನ ವಾರ ಸಿಗೋಣ. ನಮಸ್ಕಾರ.