ಖರಿತಿಯೊನ್: ಮಲ್ಪೆ ಕಡಲಿಗೆ ಬಂದಳೆನ್ನುವ ಗ್ರೀಕ್ ಹುಡುಗಿಯ ಹೆಸರು

‘ಎರಡು ಸಾವಿರ ವರ್ಷದ ಹಿಂದಿನ ಗ್ರೀಕ್ ನಾಟಕದಲ್ಲಿ ಕನ್ನಡ! ಕಥೆ ನಡೆದದ್ದು ಮಲ್ಪೆಯಲ್ಲಿ!’ ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಆದರೆ ಆ ನಾಟಕದ ನಾಯಕಿ ಯಾರು, ಅವಳ ಹೆಸರಿನ ಅರ್ಥ ಏನು ಎಂದು ಕೇಳುವವರು ಕಡಿಮೆ. ಅಲ್ಲಿಂದಲೇ ಶುರು ಮಾಡೋಣ.

ಅವಳ ಹೆಸರು ಖರಿತಿಯೊನ್. ಗ್ರೀಕರಲ್ಲಿ ‘ಖರಿಸ್’ ಎಂದರೆ ಕೃಪೆ, ಚೆಲುವು, ಉಪಕಾರ ಸ್ಮರಣೆ. ಅದೇ ಹೆಸರಿನ ಸಣ್ಣ ದೇವತೆಗಳೂ ಇದ್ದರು. ಕವಿ ಹೆಸಿಯಡ್ ಹೇಳುವಂತೆ ಅವರು ಮೂವರು ಅಕ್ಕತಂಗಿಯರು: ಅಗ್ಲಾಯಾ, ಯೂಫ್ರೊಸಿನೆ, ಥಲಿಯಾ. ‘ಇಯೊನ್’ ಎಂಬುದು ಮುದ್ದಿಗೆ ಸೇರಿಸುವ ಬಾಲ. ನಾವು ಲಕ್ಷ್ಮಿಯನ್ನು ಲಚ್ಚು ಎನ್ನುವ ಹಾಗೆ. ಒಟ್ಟಿನಲ್ಲಿ ಖರಿತಿಯೊನ್ ಅಂದರೆ ‘ಪುಟ್ಟ ಕೃಪೆ’. ನಮ್ಮೂರ ಕೃಪಾ, ಪ್ರಸಾದರ ದೂರದ ನಂಟೆ ಎನ್ನಿ. ಇಂದಿಗೂ ಗ್ರೀಕರು ಧನ್ಯವಾದ ಹೇಳಲು ಬಳಸುವ ‘ಎಫ್ಖರಿಸ್ತೊ’ ಇದೇ ಬೇರಿನದು. ಇಂಗ್ಲಿಷಿನ ‘ಚಾರಿಟಿ’ ಮಾತ್ರ ಇದರದ್ದಲ್ಲ, ಅದು ಲ್ಯಾಟಿನ್ನಿಂದ ಬಂದದ್ದು.

ನಾಟಕ ಸಿಕ್ಕಿದ್ದು ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೇ ಊರಿನ ಕಸದ ದಿಬ್ಬಗಳಲ್ಲಿ. ಆಕ್ಸ್‌ಫರ್ಡಿನ ಗ್ರೆನ್‌ಫೆಲ್ ಮತ್ತು ಹಂಟ್ ಅದನ್ನು 1903ರಲ್ಲಿ ಅಚ್ಚು ಹಾಕಿಸಿದರು. ಪಪೈರಸ್ ಸಂಖ್ಯೆ 413. ಪ್ರತಿ ಕ್ರಿ.ಶ. 2ನೇ ಶತಮಾನದ್ದು.

ಕಥೆ ಹೀಗಿದೆ. ಭಾರತದ ಕಡಲ ತೀರದ ಒಬ್ಬ ರಾಜನ ಕೈಯಲ್ಲಿ ಖರಿತಿಯೊನ್ ಸೆರೆ. ಚಂದ್ರದೇವತೆಯ ಗುಡಿಯಲ್ಲಿ ಅವಳ ವಾಸ. ಅಣ್ಣ ಹಡಗು ತಂದು, ರಾಜನಿಗೂ ಅವನ ಜನರಿಗೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ಮಲಗಿಸಿ, ತಂಗಿಯನ್ನು ಬಿಡಿಸಿಕೊಂಡು ಹೋಗುತ್ತಾನೆ. ನಡುವೆ ಒಬ್ಬ ಹಾಸ್ಯಗಾರ. ಅವನ ಅಸ್ತ್ರ ಹೂಸು! ‘ಹೂಸಮ್ಮ’ ಎಂಬ ದೇವಿಗೆ ಹರಕೆಯನ್ನೂ ಹೊರುತ್ತಾನೆ. ವಾದ್ಯ ಬಾರಿಸಬೇಕಾದ ಕಡೆ ಪ್ರತಿಯಲ್ಲಿ ಗುರುತುಗಳಿವೆ. ರಾತ್ರಿಯಿಡೀ ಆಟ ನೋಡಿದ ನಮಗೆ ಇದೇನು ಹೊಸತಲ್ಲ.

ರಾಜ ಮತ್ತು ಅವನ ಜನ ಆಡುವ ಗ್ರೀಕಲ್ಲದ ಮಾತುಗಳದ್ದೇ ಜಗಳ. 1904ರಲ್ಲಿ ಜರ್ಮನ್ ಶಾಸನತಜ್ಞ ಹುಲ್ಟ್ಸ್ ಅದು ಕನ್ನಡ ಎಂದರು. ಮೈಸೂರಿನ ಆರ್. ಶಾಮಶಾಸ್ತ್ರಿ ಬೆಂಬಲಿಸಿದರು. ಮಂಜೇಶ್ವರದ ಗೋವಿಂದ ಪೈ ಕಥೆಯ ಜಾಗ ಉದ್ಯಾವರ ಎಂದರೆ, ಇತಿಹಾಸಕಾರ ಬಿ.ಎ. ಸಾಲೆತ್ತೂರು ಮಲ್ಪೆ ಪಕ್ಕದ ವಡಭಾಂಡೇಶ್ವರ ಎಂದರು. ಬ್ರಹ್ಮಾವರದಿಂದ ತೆಂಕಕ್ಕೆ ಕಲ್ಯಾಣಪುರದ ಹೊಳೆ ದಾಟಿದರೆ ದೂರವೇನಲ್ಲ. ಅದು ತುಳು ಎನ್ನುವವರೂ ಇದ್ದಾರೆ. 1926ರಲ್ಲಿ ಎಲ್.ಡಿ. ಬಾರ್ನೆಟ್ ಕನ್ನಡದ ವಾದವನ್ನೇ ಅಲ್ಲಗಳೆದರು.

ನನಗೂ ಒಂದು ಅನುಮಾನ ಇದೆ. ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನವನ್ನು ಓದಿ ನೋಡಿ, ಪಂಡಿತರ ಸಹಾಯವಿಲ್ಲದೆ ನಮಗೆ ಅರ್ಥವಾಗುವುದಿಲ್ಲ. ಅದಕ್ಕಿಂತ ಇನ್ನೂರು ಮುನ್ನೂರು ವರ್ಷ ಹಳೆಯ ಮಾತಿನಲ್ಲಿ ‘ಕೊಂಚ’, ‘ಪಾತ್ರಕ್ಕೆ’ ಎಂದು ಇವತ್ತಿನ ಕನ್ನಡವೇ ಕೇಳಿಸಿದರೆ, ಅದು ಕೇಳುವವರ ಕಿವಿಯದ್ದೂ ಆಗಿರಬಹುದು. ಗ್ರೀಕ್ ಪ್ರೇಕ್ಷಕರನ್ನು ನಗಿಸಲು ಬರೆದ ಬರೀ ಗದ್ದಲವೂ ಆಗಿರಬಹುದು.

ಹಾಗಾದರೆ ನಮಗೆ ಉಳಿದದ್ದೇನು? ಈಜಿಪ್ಟಿನ ಜನರಿಗೆ ಭಾರತದ ಕರಾವಳಿ ಒಂದು ತಮಾಷೆ ನಾಟಕ ಕಟ್ಟುವಷ್ಟು ಪರಿಚಯವಿತ್ತು ಎಂಬುದು. ಅದೇನು ಸಣ್ಣ ವಿಷಯವಲ್ಲ.

ನಾಟಕದಲ್ಲೊಂದು ಕಡೆ ಹಾಸ್ಯಗಾರ, ಹೋಗುವಾಗ ದೇವಿಯ ಕಾಣಿಕೆಯನ್ನೂ ಕದ್ದುಕೊಂಡು ಹೋಗೋಣ ಎನ್ನುತ್ತಾನೆ. ಖರಿತಿಯೊನ್ ಒಪ್ಪುವುದಿಲ್ಲ. ಕಾಪಾಡು ಎಂದು ದೇವರನ್ನು ಬೇಡುವವರು ದೇವರದ್ದನ್ನೇ ಕದಿಯಬಾರದು ಎಂಬುದು ಅವಳ ನಿಲುವು. ಕನ್ನಡದ ಹಿರಿಮೆಗೂ ನಮ್ಮದೆಂದು ಖಾತ್ರಿಯಾಗದ ಒಡವೆ ಬೇಕಿಲ್ಲ. ಮುಂದಿನ ಸಲ ಆ ಸಂದೇಶ ಬಂದರೆ ಫಾರ್ವರ್ಡ್ ಮಾಡಿ, ಅಡ್ಡಿಲ್ಲ. ‘ಇನ್ನೂ ತೀರ್ಮಾನವಾಗಿಲ್ಲ’ ಎಂಬ ಒಂದು ಸಾಲು ಮಾತ್ರ ಸೇರಿಸಿ.